ಕರೆಂಟು ಹೋದರೆ ಫೋನೂ ಯಾಕೆ ಹೋಗಬೇಕು?

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಗಾಳಿ ಎದ್ದರೆ ಮರದ ಟೊಂಗೆ 11 ಕೆ.ವಿ. ಲೈನಿನ ಮೇಲೆ ಬೀಳುತ್ತದೆ, ಎಲ್ಲೋ ಜಂಪ್ ಕಟ್ಟಾಗುತ್ತದೆ, ಇನ್ನೆಲ್ಲೋ ಕಂಬವೇ ಮುರಿದು ಮಲಗುತ್ತದೆ. ಲೈನ್‌ಮನ್‌ಗಳು ಜಿಗಣೆ ಕಚ್ಚಿಸಿಕೊಳ್ಳುತ್ತ, ಕಾಡಿನೊಳಗೆ ಲೈನಿನ ಜಾಡು ಹಿಡಿದು ನಡೆದು ಫಾಲ್ಟ್ ಹುಡುಕಬೇಕು. ಪೇಟೆಯಲ್ಲಾದರೆ ಸಂಜೆಯೊಳಗೆ ಬಂದೀತು. ಒಳಗಿನ ಊರುಗಳಿಗೆ ಎರಡು ದಿನ, ಮೂರು ದಿನ. ದೊಡ್ಡ ಗಾಳಿಮಳೆಯಾದರೆ ವಾರ. ಶರಾವತಿ, ಕಾಳಿ, ವಾರಾಹಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿಗೆಲ್ಲ ಹರಿಯುವ ದಾರಿಯ ಪಕ್ಕದಲ್ಲೇ ಇಷ್ಟು ಕತ್ತಲೆ ಇರುವುದು ದೊಡ್ಡ ಅನ್ಯಾಯ. ಅದರ ಲೆಕ್ಕವನ್ನು ಬೇರೆಯೇ ಕೂತು ಬರೆಯಬೇಕು. ಆದರೂ ಈ ಕತ್ತಲೆಯನ್ನು ಅಲ್ಲಿಯ ಜನ ಹೇಗೋ ನಿಭಾಯಿಸಿಕೊಂಡು ಬಂದಿದ್ದಾರೆ. ಅವರು ನಿಭಾಯಿಸಲಾಗದ್ದು ಅದರ ಬೆನ್ನಿಗೇ ಬರುವ ಇನ್ನೊಂದು. ಕರೆಂಟು ಹೋದ ಕ್ಷಣ ವೈಫೈ ಹೋಗುತ್ತದೆ, ಅದರ ಜೊತೆಗೇ ಮನೆಯ ಲ್ಯಾಂಡ್‌ಲೈನು ಹೋಗುತ್ತದೆ, ಕೆಲವು ಗಂಟೆ ಕಳೆದರೆ ಗುಡ್ಡದ ಮೇಲಿನ ಟವರೂ ಸತ್ತು ಮೊಬೈಲಿನ ಸಿಗ್ನಲ್ ಕಡ್ಡಿಗಳು ಅಳಿಸಿಹೋಗುತ್ತವೆ.

ಆಮೇಲೆ ಎದೆನೋವು ಬಂದವರಿಗೆ 108 ಸಿಗುವುದಿಲ್ಲ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳಿಗೆ, ತೋಟದ ಮನೆಯಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮ ಹೇಗಿದ್ದಾರೆಂದು ತಿಳಿಯುವುದಿಲ್ಲ. ಕರೆಂಟು ಹೋಗಿದೆ ಎಂದು ದೂರು ಕೊಡಬೇಕಾದ 1912ಕ್ಕೂ ಕರೆ ಹೋಗುವುದಿಲ್ಲ.

ಇದನ್ನು ಮಳೆಯ ಮೇಲೆ, ಗಾಳಿಯ ಮೇಲೆ, ನಮ್ಮ ಹಣೆಬರಹದ ಮೇಲೆ ಹಾಕಿ ಸುಮ್ಮನಾಗುವ ಅಭ್ಯಾಸ ಬಂದುಬಿಟ್ಟಿದೆ. ನಾನು ಅದನ್ನು ಒಪ್ಪುವುದಿಲ್ಲ. ಒಂದು ಮನೆಯ ಫೋನು ಮತ್ತು ಇಂಟರ್‌ನೆಟ್ಟು ಜೀವಂತವಾಗಿರಲು ಬೇಕಾದದ್ದು ಸುಮಾರು ಹತ್ತು ವ್ಯಾಟ್, ಅಂದರೆ ಒಂದು ಎಲ್‌ಇಡಿ ಬಲ್ಬು ತಿನ್ನುವಷ್ಟು. ಅಷ್ಟು ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಟ್ಟುಕೊಳ್ಳುವುದು ಇವತ್ತು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಹಾಗಿದ್ದೂ ಫೋನು ಸಾಯುತ್ತದೆ, ಯಾಕೆಂದರೆ ಆ ಹತ್ತು ವ್ಯಾಟಿನ ಹೊಣೆ ಯಾರದ್ದು ಎಂಬುದು ನಮ್ಮಲ್ಲಿ ಎಲ್ಲಿಯೂ ಬರೆದಿಲ್ಲ. ಒಂದು ಕಾಲದಲ್ಲಿ ಅದಕ್ಕೆ ಹೊಣೆಗಾರರಿದ್ದರು.

ತಾಮ್ರದ ತಂತಿಯ ಲ್ಯಾಂಡ್‌ಲೈನು ಇದ್ದ ಮನೆಯಲ್ಲಿ ಎಷ್ಟು ಹೊತ್ತು ಕರೆಂಟಿಲ್ಲದಿದ್ದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಆ ಫೋನಿಗೆ ಬೇಕಾದ ವಿದ್ಯುತ್ತು ಮನೆಯ ಮೀಟರಿನಿಂದ ಬರುತ್ತಿರಲಿಲ್ಲ. ಮಾತು ಬರುವ ಅದೇ ಜೋಡಿ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯನ್ನು ನೋಡಿದವರಿಗೆ ಅದರ ಹುಳಿ ವಾಸನೆ ಮರೆಯುವುದಿಲ್ಲ. ಎರಡೆರಡು ವೋಲ್ಟಿನ ಇಪ್ಪತ್ತನಾಲ್ಕು ಸೆಲ್ಲುಗಳು ಸಾಲಾಗಿ ಕೂತು ಒಟ್ಟು 48 ವೋಲ್ಟ್ ಕೊಡುತ್ತಿದ್ದವು. ಕರೆಂಟು ಇದ್ದಾಗ ಚಾರ್ಜ್ ಆಗುತ್ತ, ಇಲ್ಲದಾಗ ಊರಿನ ಫೋನುಗಳನ್ನೆಲ್ಲ ಹೊರುತ್ತ ಅವು ಹಗಲೂ ರಾತ್ರಿ ದುಡಿಯುತ್ತಿದ್ದವು. ಬ್ಯಾಟರಿ ಇಳಿಯುವ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿದ್ದ ಡೀಸೆಲ್ ಎಂಜಿನ್ ಚಾಲೂ ಮಾಡುತ್ತಿದ್ದರು. ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಕಟ್ಟಿ ತಂತಿಯನ್ನು ಋಣದಲ್ಲಿ ಇಡುತ್ತಿದ್ದರು. ತೇವದ ನೆಲದಲ್ಲಿ ತಾಮ್ರ ಸವೆದುಹೋಗಬಾರದೆಂಬ ಮುಂದಾಲೋಚನೆ ಅದು. ಸೆಲ್ಲುಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಹೈಡ್ರೋಮೀಟರ್ ಅದ್ದಿ ನೋಡುವುದು, ಬರೆದಿಡುವುದು, ಇವೆಲ್ಲ ಯಾರದ್ದೋ ದಿನನಿತ್ಯದ ಕೆಲಸವಾಗಿತ್ತು.

ಕರೆಂಟು ಹೋಗಿಯೇ ಹೋಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ಇದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಸಾಕ್ಷಿ ಇದೆ. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನುಗಳ ಒಂದು ಸಣ್ಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ರೂಪಿಸಿತು. ಅದನ್ನು ಮೊದಲು ಕೂರಿಸಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಹೊರದೇಶದಿಂದ ತರಿಸುತ್ತಿದ್ದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಕಿತ್ತೂರಿನಂಥ ಊರಿನಲ್ಲಿ ಹವಾನಿಯಂತ್ರಣ ಎಂದರೆ ನಂಬಿ ಕೂರಲಾಗದ ಕರೆಂಟಿನ ಮೇಲೆ ಫೋನನ್ನು ಕಟ್ಟಿಹಾಕಿದಂತೆ. ಸಿ-ಡಾಟ್‌ನ ಎಂಜಿನಿಯರುಗಳು ತಮ್ಮ ಯಂತ್ರ ನಮ್ಮ ಬೇಸಿಗೆಯ ಸೆಕೆಯಲ್ಲಿ, ನಮ್ಮ ಧೂಳಿನಲ್ಲಿ, ಏರಿಳಿಯುವ ವೋಲ್ಟೇಜಿನಲ್ಲಿ, ಎ.ಸಿ. ಇಲ್ಲದೆ ನಡೆಯಬೇಕು ಎಂದು ಹಟ ಹಿಡಿದರು. ಅದು ಹಾಗೆ ನಡೆಯಿತು ಕೂಡ. ದೇಶದ ಹಳ್ಳಿ ಹಳ್ಳಿಗೆ ಟೆಲಿಫೋನ್ ಹೋದದ್ದು ಈ ಹಟದ ಬಲದಿಂದ. ನಾವು ಕಳೆದುಕೊಂಡದ್ದು ಆ ಎಂಜಿನಿಯರಿಂಗ್ ಮನೋಧರ್ಮವನ್ನು. ಊರಿನ ನಿಜವಾದ ಸ್ಥಿತಿಯನ್ನು ನೋಡಿ ಯಂತ್ರವನ್ನು ಅದಕ್ಕೆ ಒಗ್ಗಿಸುವ ಮನೋಧರ್ಮವನ್ನು.

ತಾಮ್ರದ ಕಾಲವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅದರ ತೊಂದರೆ ಅನುಭವಿಸಿದವರು ಈಗಲೂ ಇದ್ದಾರೆ. ಮಳೆ ಬಿದ್ದರೆ ಜಾಯಿಂಟಿಗೆ ನೀರು ಇಳಿದು ಫೋನು ಗೊರಗೊರ ಎನ್ನುತ್ತಿತ್ತು. ಕೇಬಲ್ ಫಾಲ್ಟ್ ಎಂದರೆ ತಿಂಗಳು ಕಾಯಬೇಕಿತ್ತು. ಸಿಡಿಲು ತಂತಿಯ ದಾರಿ ಹಿಡಿದು ಮನೆಯೊಳಗೆ ಬಂದು ಫೋನನ್ನು ಸುಟ್ಟುಹಾಕುತ್ತಿತ್ತು. ಇಂಟರ್‌ನೆಟ್ಟಿನ ವೇಗದ ಮಾತು ಆಡುವಂತೆಯೇ ಇರಲಿಲ್ಲ. ಫೈಬರ್ ಬಂದದ್ದು ಎಲ್ಲ ರೀತಿಯಲ್ಲೂ ಒಳ್ಳೆಯದು. ತಾಮ್ರದಿಂದ ಗಾಜಿಗೆ ಬದಲಾಯಿಸುವಾಗ ಒಂದು ಮಾತನ್ನು ಮನೆಯವರಿಗೆ ಹೇಳದೆ ಬಿಟ್ಟರು, ನನ್ನ ತಕರಾರು ಅಷ್ಟೇ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ತು ಬರುವುದಿಲ್ಲ. ಇನ್ನು ಮುಂದೆ ನಿಮ್ಮ ಫೋನಿಗೆ ಕರೆಂಟು ಕೊಡುವ ಹೊಣೆ ನಿಮ್ಮದೇ. ಈ ಎರಡು ವಾಕ್ಯಗಳನ್ನು ಅರ್ಜಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ ಸಾಕಿತ್ತು. ಹಳೇ ನಂಬರ್ ಹಾಗೇ ಇರುತ್ತದೆ, ಹಳೇ ಫೋನೇ ನಡೆಯುತ್ತದೆ ಎಂದಷ್ಟೇ ಹೇಳಿದರು. ನಂಬರೂ ಇತ್ತು, ಫೋನೂ ಇತ್ತು. ಎಕ್ಸ್‌ಚೇಂಜಿನ ಬ್ಯಾಟರಿಗೂ ಆ ಮನೆಗೂ ಇದ್ದ ಸಂಬಂಧ ಮಾತ್ರ ಕಡಿದುಹೋಗಿತ್ತು. ಅದು ಗೊತ್ತಾದದ್ದು ಮೊದಲ ಮಳೆಗಾಲದಲ್ಲಿ.

ಈಗ ಗೋಡೆಗೆ ತೂಗುಹಾಕಿದ ಫೈಬರ್ ಡಬ್ಬಿಯನ್ನು ಹತ್ತಿರದಿಂದ ನೋಡೋಣ. ಊರಲ್ಲಿ ಅದನ್ನು ಮೋಡೆಮ್ ಅನ್ನುತ್ತಾರೆ, ಕಂಪನಿಯವರು ಒಎನ್‌ಟಿ ಅನ್ನುತ್ತಾರೆ. ಹಿಂದೆ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ 12 ವೋಲ್ಟ್, 1 ಆಂಪಿಯರ್ ಎಂದೋ 1.5 ಆಂಪಿಯರ್ ಎಂದೋ ಇರುತ್ತದೆ. ಅದು ಗರಿಷ್ಠ ಮಿತಿ. ನಡೆಯುವಾಗ ತಿನ್ನುವುದು ಎಂಟು ಹತ್ತು ವ್ಯಾಟ್. ಇಡೀ ದಿನಕ್ಕೆ 240 ವ್ಯಾಟ್-ಗಂಟೆ, ಅಂದರೆ ಕಾಲು ಯೂನಿಟ್ಟಿಗೂ ಕಡಿಮೆ. ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಈಗಾಗಲೇ ಇರುವ ಇನ್‌ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಗಂಟೆಯದು. ಗುಣಿಸಿದರೆ 1800 ವ್ಯಾಟ್-ಗಂಟೆ. ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು 1400 ಎಂದಿಟ್ಟುಕೊಳ್ಳಿ. ಹತ್ತು ವ್ಯಾಟಿನ ಮೋಡೆಮ್ ಒಂದನ್ನೇ ನಡೆಸಿದರೆ ಇದು ಸುಮಾರು ಆರು ದಿನಕ್ಕೆ ಬರಬೇಕು. ಬರುವುದಿಲ್ಲ. ಕಾರಣ ಹೀಗಿದೆ. ಬ್ಯಾಟರಿಯ 12 ವೋಲ್ಟನ್ನು ಇನ್‌ವರ್ಟರ್ 230 ವೋಲ್ಟ್ ಎ.ಸಿ. ಮಾಡುತ್ತದೆ, ಮೋಡೆಮಿನ ಅಡಾಪ್ಟರ್ ಆ 230 ವೋಲ್ಟನ್ನು ತಿರುಗಿ 12 ವೋಲ್ಟ್ ಮಾಡುತ್ತದೆ. ಈ ಸುತ್ತುದಾರಿಯಲ್ಲಿ ಇನ್‌ವರ್ಟರ್ ತಾನು ಎಚ್ಚರವಾಗಿರುವುದಕ್ಕೇ ಹದಿನೈದು ಇಪ್ಪತ್ತು ವ್ಯಾಟ್ ತಿನ್ನುತ್ತದೆ. ಹತ್ತು ವ್ಯಾಟಿನ ಕೆಲಸಕ್ಕೆ ಮೂವತ್ತು ವ್ಯಾಟ್ ಖರ್ಚು. ಆರು ದಿನದ್ದು ಎರಡು ದಿನಕ್ಕೆ ಇಳಿಯಿತು. ಜೊತೆಗೆ ದೀಪ, ಫ್ಯಾನು, ಟಿ.ವಿ. ಸೇರಿದರೆ ಒಂದೇ ರಾತ್ರಿ.

ಹಾಗಾಗಿ ಮೋಡೆಮಿಗೆ ಬ್ಯಾಟರಿಯಿಂದ ನೇರ ಡಿ.ಸಿ. ದಾರಿ ಕೊಡಬೇಕು. ಚಾರ್ಜಾಗುವಾಗ ಬ್ಯಾಟರಿಯ ವೋಲ್ಟೇಜು 14ರ ಮೇಲೆ ಹೋಗುತ್ತದೆ, ಖಾಲಿಯಾದಾಗ 11ರ ಕೆಳಗೆ ಇಳಿಯುತ್ತದೆ. ಅದನ್ನು 12ಕ್ಕೆ ಹಿಡಿದು ನಿಲ್ಲಿಸುವ ಸಣ್ಣ ಡಿ.ಸಿ. ಕನ್ವರ್ಟರ್ ಮತ್ತು ಒಂದು ಫ್ಯೂಸು ನಡುವೆ ಇರಬೇಕು. ಕೆಲವು ನೂರು ರೂಪಾಯಿಯ ವಸ್ತು, ಊರಿನ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತಾನೆ. ಪಿನ್ನಿನ ಒಳಗೆ ಧನ, ಹೊರಗೆ ಋಣ ಇದೆಯೇ ಎಂದು ಡಬ್ಬಿಯ ಮೇಲಿನ ಚಿತ್ರ ನೋಡಿ ಖಚಿತಪಡಿಸಿಕೊಂಡರೆ ಆಯಿತು. ಇನ್‌ವರ್ಟರ್ ಇಲ್ಲದವರಿಗೆ ಅಂಗಡಿಯಲ್ಲಿ ಸಿಗುವ ರೂಟರ್ ಯುಪಿಎಸ್ ಇದೆ. ಅದನ್ನು ಕೊಳ್ಳುವಾಗ ಎಚ್ಚರ ಬೇಕು. ಡಬ್ಬದ ಮೇಲೆ 10,400 ಎಂಎಎಚ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಆ ಲೆಕ್ಕ 3.7 ವೋಲ್ಟಿನ ಸೆಲ್ಲಿನದು, 12 ವೋಲ್ಟಿನದಲ್ಲ. ಗುಣಿಸಿದರೆ 38 ವ್ಯಾಟ್-ಗಂಟೆ, ನಷ್ಟ ಕಳೆದರೆ ಮೂವತ್ತರ ಆಸುಪಾಸು. ಎಂಟು ವ್ಯಾಟಿನ ಮೋಡೆಮಿಗೆ ನಾಲ್ಕು ಗಂಟೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇದು ಧಾರಾಳ, ಹೊಸನಗರದ ಆಷಾಢಕ್ಕೆ ಏನೇನೂ ಸಾಲದು.

ಬ್ಯಾಟರಿಯಿಂದ ಇನ್ನೊಂದು ಲಾಭವೂ ಇದೆ. ಮಲೆನಾಡಿನ ಮನೆಯಲ್ಲಿ ಮೊದಲ ಗುಡುಗು ಕೇಳಿದೊಡನೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುತ್ತಾರೆ. ಅದು ಅನುಭವ ಕಲಿಸಿದ ವಿವೇಕ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ. ಮೋಡೆಮನ್ನು ಸುಡುವ ಸಿಡಿಲು ಬರುವುದು ಹೆಚ್ಚಾಗಿ ಅಡಾಪ್ಟರಿನ ದಾರಿಯಲ್ಲಿ. ತನ್ನದೇ ಬ್ಯಾಟರಿ ಇರುವ ಮೋಡೆಮಾದರೆ ಗೋಡೆಯಿಂದ ಪ್ಲಗ್ ಕಿತ್ತ ಮೇಲೂ ನಡೆಯುತ್ತಿರುತ್ತದೆ. ಫೈಬರ್ ವಯರಿನ ಜೊತೆ ಬಲಕ್ಕೆಂದು ಹಾಕಿರುವ ಉಕ್ಕಿನ ಎಳೆಯನ್ನು ಗೋಡೆಯ ಹೊರಗೇ ಕತ್ತರಿಸಿರಬೇಕು, ಅದನ್ನು ಒಮ್ಮೆ ನೋಡಿಕೊಳ್ಳಬೇಕು. ಹೀಗೆ ಮೋಡೆಮ್ ಜೀವಂತವಾಗಿದ್ದರೆ ಅದರ ಫೋನ್ ಪೋರ್ಟಿಗೆ ಸಿಕ್ಕಿಸಿದ ಹಳೆಯ ವಯರಿನ ಫೋನೂ ರಿಂಗಾಗುತ್ತದೆ. ಕಾರ್ಡ್‌ಲೆಸ್ ಫೋನಾದರೆ ಅದರ ಪೀಠಕ್ಕೂ ಕರೆಂಟು ಬೇಕು, ಅದು ಆಗದು. ಟವರು ಸತ್ತಿದ್ದರೂ ಮೊಬೈಲಿನ ವೈಫೈ ಕಾಲಿಂಗ್ ಮೂಲಕ ನಮ್ಮದೇ ನಂಬರಿನಿಂದ ಮಾಮೂಲಿ ಕರೆ ಮಾಡಬಹುದು. 2019ರ ಕೊನೆಯಿಂದ ನಮ್ಮ ದೇಶದಲ್ಲಿ ಈ ಸೌಲಭ್ಯ ಇದೆ. ಎಷ್ಟೋ ಮನೆಗಳ ಮೊಬೈಲುಗಳಲ್ಲಿ ಇಂದಿಗೂ ಅದು ಆನ್ ಆಗಿಲ್ಲ, ಯಾರೂ ಹೇಳಿಕೊಟ್ಟಿಲ್ಲ.

ಇಷ್ಟನ್ನೆಲ್ಲ ಮನೆಯವರು ತಾವಾಗಿ ಮಾಡಿಕೊಂಡರೂ ಅರ್ಧ ದಾರಿ ಮಾತ್ರ ಕ್ರಮಿಸಿದಂತೆ. ಮೋಡೆಮಿನ ಮೇಲೆ ಹಸಿರು ದೀಪ ಆರಿ, ಎಲ್‌ಒಎಸ್ ಎಂದು ಬರೆದಿರುವಲ್ಲಿ ಕೆಂಪು ದೀಪ ಮಿಣುಕುವುದನ್ನು ಎಲ್ಲರೂ ಕಂಡಿದ್ದಾರೆ. ಆ ಕಡೆಯ ತುದಿಯಿಂದ ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ಎಳೆ ಕಡಿದಿರಬಹುದು, ಇಲ್ಲವೇ ಆ ತುದಿಯ ಯಂತ್ರವೇ ಆರಿರಬಹುದು. ಆ ಯಂತ್ರದ ಹೆಸರು ಓಎಲ್‌ಟಿ. ಫೈಬರಿನ ಈ ಏರ್ಪಾಡಿನ ಸೊಗಸು ಏನೆಂದರೆ ಓಎಲ್‌ಟಿಯಿಂದ ಮನೆಯವರೆಗಿನ ಹತ್ತು ಇಪ್ಪತ್ತು ಕಿಲೋಮೀಟರಿನಲ್ಲಿ ಎಲ್ಲಿಯೂ ಕರೆಂಟು ಬೇಡ. ಕಂಬದ ಮೇಲಿನ ಸ್ಪ್ಲಿಟರ್ ಡಬ್ಬಿಯಲ್ಲಿ ಇರುವುದು ಬರೀ ಗಾಜು. ವಿದ್ಯುತ್ತು ಬೇಕಾದದ್ದು ಎರಡೇ ತುದಿಗೆ. ತಾಮ್ರದ ಕಾಲದಲ್ಲಿ ಊರಿಗೊಂದು ಬ್ಯಾಟರಿ ಕೋಣೆ ಬೇಕಿತ್ತು. ಈಗ ಒಂದು ಓಎಲ್‌ಟಿಗೆ ಸರಿಯಾದ ಬ್ಯಾಟರಿ ಇಟ್ಟರೆ ನೂರಾರು ಮನೆಗಳ ಸಂಪರ್ಕ ಉಳಿಯುತ್ತದೆ. ಇಷ್ಟು ಸುಲಭವಾದದ್ದು ಯಾಕೆ ಆಗುತ್ತಿಲ್ಲ? ಎಷ್ಟೋ ಹೋಬಳಿಗಳಲ್ಲಿ ಓಎಲ್‌ಟಿ ಈಗ ಎಕ್ಸ್‌ಚೇಂಜಿನ ಕಟ್ಟಡದಲ್ಲಿ ಇಲ್ಲ. ಕಂಪನಿಯೊಂದರ ಹೆಸರಿನಲ್ಲಿ ಸಂಪರ್ಕ ಕೊಡುವ ಸ್ಥಳೀಯ ಪಾಲುದಾರನ ಅಂಗಡಿಯಲ್ಲೋ, ಮನೆಯ ಜಗಲಿಯ ಕಪಾಟಿನಲ್ಲೋ, ಒಂದು ಸಾಧಾರಣ ಇನ್‌ವರ್ಟರಿನ ಮೇಲೆ ಅದು ನಿಂತಿದೆ. ಕರೆಂಟು ಇಲ್ಲದ ಎರಡನೆಯ ದಿನ ಆತ ಜನರೇಟರಿಗೆ ಪೆಟ್ರೋಲು ಹುಡುಕಿಕೊಂಡು ಅಲೆಯುತ್ತಾನೆ, ಬೈಗುಳವನ್ನೂ ಅವನೇ ತಿನ್ನುತ್ತಾನೆ. ತಿಂಗಳ ಬಿಲ್ಲಿನ ಮೇಲೆ ಹೆಸರಿರುವ ಕಂಪನಿಯನ್ನು ಯಾರೂ ಕೇಳುವುದಿಲ್ಲ.

ಟವರಿನ ಕಥೆಯೂ ಇದೇ. ಪ್ರತಿ ಟವರಿನ ಬುಡದಲ್ಲಿ ಬ್ಯಾಟರಿ ಇರುತ್ತದೆ, ಕೆಲವಕ್ಕೆ ಡೀಸೆಲ್ ಜನರೇಟರೂ ಇರುತ್ತದೆ. ಬ್ಯಾಟರಿ ಹಳತಾದಂತೆ ಅದರ ಗಂಟೆಗಳು ಕರಗುತ್ತವೆ. ಡೀಸೆಲ್ ತುಂಬಿಸಬೇಕಾದವನು ಕೆಸರಿನ ಘಾಟಿ ಹತ್ತಿ ಹೋಗಬೇಕು. ಊರಿಗೆ ಮೂರು ಕಂಪನಿಗಳ ಸಿಗ್ನಲ್ ಇದೆ ಎಂದು ಧೈರ್ಯವಾಗಿದ್ದರೆ, ಹಲವು ಕಡೆ ಮೂರರ ಉಪಕರಣವೂ ಒಂದೇ ಟವರಿನ ಮೇಲೆ ಇರುತ್ತದೆ. ಅದು ಆರಿದರೆ ಮೂರೂ ಒಟ್ಟಿಗೇ ಆರುತ್ತವೆ. 2012ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಒಂದು ನಿರ್ದೇಶನ ಕೊಟ್ಟಿತ್ತು: 2015ರೊಳಗೆ ಗ್ರಾಮೀಣ ಟವರುಗಳಲ್ಲಿ ಶೇ. 50, 2020ರೊಳಗೆ ಶೇ. 75 ಸೌರಶಕ್ತಿಯಂಥ ಮೂಲವನ್ನೂ ಗ್ರಿಡ್ಡನ್ನೂ ಸೇರಿಸಿ ನಡೆಯಬೇಕು ಎಂದು. ಆ ಗುರಿಯನ್ನು ಮುಟ್ಟಲಿಲ್ಲ. ಡೀಸೆಲ್ ಹೊಗೆ ಕಡಿಮೆ ಮಾಡುವುದು ಅದರ ಉದ್ದೇಶವಾಗಿತ್ತು. ಕರೆಂಟಿಲ್ಲದಾಗ ಟವರು ಎಷ್ಟು ಗಂಟೆ ನಿಲ್ಲಬೇಕು ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಫೋನು ಹೋದರೆ ಕರೆಂಟು ಬರುವುದೂ ತಡವಾಗುತ್ತದೆ ಎಂಬುದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಲೈನ್‌ಮನ್ ಕಂಬ ಹತ್ತುವ ಮೊದಲು ಆ ಲೈನಿನ ಫೀಡರ್ ಬಂದ್ ಆಗಿದೆ ಎಂದು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಎಲ್‌ಸಿ ಎಂದು ಅವರು ಹೇಳುವುದು ಇದನ್ನೇ. ಕೆಲಸ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಅದನ್ನು ವಾಪಸ್ ಕೊಡಬೇಕು, ಆಮೇಲೆಯೇ ಆ ಕಡೆಯವರು ಚಾರ್ಜ್ ಮಾಡಬಹುದು. ಈ ಮಾತುಕತೆಯೆಲ್ಲ ಇವತ್ತು ನಡೆಯುವುದು ಮೊಬೈಲಿನಲ್ಲಿ. ಸಿಗ್ನಲ್ ಇಲ್ಲದಿದ್ದರೆ ಒಂದು ಕರೆ ಮಾಡಲು ಒಬ್ಬ ಬೈಕಿನಲ್ಲಿ ನಾಲ್ಕು ಕಿಲೋಮೀಟರ್ ಗುಡ್ಡ ಹತ್ತಿ ಹೋಗಿ ಬರಬೇಕು. ತಪ್ಪು ತಿಳಿವಳಿಕೆಯಾಗಿ ಲೈನ್ ಚಾರ್ಜ್ ಆದರೆ ಕಂಬದ ಮೇಲಿದ್ದವನ ಜೀವವೇ ಹೋಗುತ್ತದೆ. ಟವರಿಗೆ ಕರೆಂಟು ಬೇಕು, ಕರೆಂಟು ಬರಲು ಟವರು ಬೇಕು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕಾದರೆ ಬ್ಯಾಟರಿಯ ಕಡೆಯಿಂದ ಕಡಿಯುವುದು ಸುಲಭ.

ಬೇರೆ ದೇಶಗಳಲ್ಲಿ ಈ ಪ್ರಶ್ನೆ ಕಾನೂನಿನ ಪುಟಕ್ಕೆ ಬಂದಿದೆ. ತಾಮ್ರ ಹೋಗಿ ಫೈಬರ್ ಬಂದಾಗ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2015ರಲ್ಲಿ ಒಂದು ನಿಯಮ ಮಾಡಿತು: ಮನೆಯ ಫೋನ್ ಸೇವೆ ಕೊಡುವ ಕಂಪನಿ ಮೊದಲು ಎಂಟು ಗಂಟೆಯ, ಮೂರು ವರ್ಷದ ನಂತರ ಇಪ್ಪತ್ತನಾಲ್ಕು ಗಂಟೆಯ ಬ್ಯಾಕಪ್ಪನ್ನು ಗ್ರಾಹಕನಿಗೆ ಕೊಳ್ಳಲು ಒದಗಿಸಬೇಕು, ಕರೆಂಟು ಹೋದರೆ ಏನಾಗುತ್ತದೆ ಎಂದು ಸ್ಪಷ್ಟವಾಗಿ ತಿಳಿಸಬೇಕು. ಬ್ರಿಟನ್ನಿನಲ್ಲಿ ಅಂಥದೇ ಸಂಸ್ಥೆಯಾದ ಆಫ್‌ಕಾಂ 2018ರಲ್ಲಿ, ಲ್ಯಾಂಡ್‌ಲೈನನ್ನೇ ನಂಬಿಕೊಂಡವರಿಗೆ ಕರೆಂಟಿಲ್ಲದಾಗ ತುರ್ತು ಕರೆ ಮಾಡಲು ಕನಿಷ್ಠ ಒಂದು ಗಂಟೆಯ ವ್ಯವಸ್ಥೆಯನ್ನು ಉಚಿತವಾಗಿ ಕೊಡಬೇಕು ಎಂದಿತು. ಒಂದು ಗಂಟೆ ಏತಕ್ಕೂ ಸಾಲದು ಎಂಬುದು 2021ರ ನವೆಂಬರಿನ ಆರ್ವೆನ್ ಬಿರುಗಾಳಿಯಲ್ಲಿ ಗೊತ್ತಾಯಿತು. ಉತ್ತರದ ಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಮರುವರ್ಷ ಬಿಟಿ ಕಂಪನಿ ತನ್ನ ಡಿಜಿಟಲ್ ಫೋನಿಗೆ ಜನರನ್ನು ಬದಲಾಯಿಸುವ ಕೆಲಸವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಟವರುಗಳ ಮಟ್ಟಿಗೆ ಹೇಳುವುದಾದರೆ, ಕತ್ರಿನಾ ಚಂಡಮಾರುತದ ನಂತರ 2007ರಲ್ಲಿ ಅಮೆರಿಕದ ಎಫ್‌ಸಿಸಿ ಪ್ರತಿ ಟವರಿನಲ್ಲೂ ಎಂಟು ಗಂಟೆಯ ಬ್ಯಾಕಪ್ ಇರಬೇಕು ಎಂದಾಗ ಕಂಪನಿಗಳು ಕೋರ್ಟಿಗೆ ಹೋದವು; ಆ ನಿಯಮ ಜಾರಿಗೇ ಬರಲಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾಡ್ಗಿಚ್ಚಿನ ಅಪಾಯ ಹೆಚ್ಚಿರುವ ಪ್ರದೇಶದ ಟವರುಗಳಿಗೆ 72 ಗಂಟೆಯ ಬ್ಯಾಕಪ್ ಕಡ್ಡಾಯ ಮಾಡಿತು. ಇಡೀ ರಾಜ್ಯಕ್ಕೆ ಮಾಡಲಿಲ್ಲ, ಅಪಾಯ ಎಲ್ಲಿದೆಯೋ ಅಲ್ಲಿಗೆ ಮಾಡಿತು. ನಮಗೆ ಬೇಕಾದ ಮಾದರಿ ಇದು.

ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಸೇವಾ ಗುಣಮಟ್ಟದ ಹೊಸ ನಿಯಮಗಳನ್ನು ತಂದಿತು. ಒಂದು ಜಿಲ್ಲೆಯಲ್ಲಿ ಸೇವೆ 24 ಗಂಟೆಗೂ ಮೀರಿ ನಿಂತರೆ ಗ್ರಾಹಕರಿಗೆ ಪರಿಹಾರ ಕೊಡಬೇಕು, ಮನೆಯ ಬ್ರಾಡ್‌ಬ್ಯಾಂಡಿನ ದೋಷ ಮೂರು ದಿನದೊಳಗೆ ಸರಿಯಾಗದಿದ್ದರೂ ಕೊಡಬೇಕು ಎಂದು ಅದರಲ್ಲಿದೆ. ಇದು ಸ್ವಾಗತಾರ್ಹ. ಆದರೆ ಅಳತೆಗೋಲು ಜಿಲ್ಲೆ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಜೋಯಿಡಾದ ಕಾಡಿನ ಊರುಗಳು ವಾರ ಪೂರ್ತಿ ಮೌನವಾಗಿದ್ದರೂ ಕಾರವಾರದಲ್ಲಿ, ಶಿರಸಿಯಲ್ಲಿ ಸಿಗ್ನಲ್ ಇದ್ದರೆ ಜಿಲ್ಲೆ ಎಂಬ ಲೆಕ್ಕದಲ್ಲಿ ಏನೂ ಆಗಿರುವುದಿಲ್ಲ. ನಮ್ಮ ಕಡೆ ಫೋನು ಹೋಗುವುದು ಫೀಡರ್ ಲೆಕ್ಕದಲ್ಲಿ, ಟವರ್ ಲೆಕ್ಕದಲ್ಲಿ. ದಾಖಲೆಯೂ ಅದೇ ಲೆಕ್ಕದಲ್ಲಿ ಆಗಬೇಕು.

ಖರ್ಚು ಯಾರು ಹೊರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡರೂ ಒಂದು ರೂಟರ್ ಯುಪಿಎಸ್‌ಗೆ ಒಂದೂವರೆ ಎರಡು ಸಾವಿರ ರೂಪಾಯಿ. ಮೂರು ವರ್ಷ ಬಾಳುತ್ತದೆ ಎಂದರೆ ತಿಂಗಳಿಗೆ ಐವತ್ತು ರೂಪಾಯಿ. ಲಕ್ಷಗಟ್ಟಲೆ ಮೋಡೆಮ್ ಕೊಳ್ಳುವ ಕಂಪನಿಗೆ ಇನ್ನೂ ಕಡಿಮೆ ಬೀಳುತ್ತದೆ. ಮೋಡೆಮನ್ನು ಸಂಪರ್ಕದ ಜೊತೆಗೇ ಕೊಡುವವರು ಅದರ ಬ್ಯಾಟರಿಯನ್ನೂ ಕೊಡಲಿ. ಬೇಡದವರು ಬೇಡ ಎಂದು ಬರೆದುಕೊಡಲಿ. ಟವರು ಮತ್ತು ಓಎಲ್‌ಟಿಗಳ ವಿಷಯದಲ್ಲಿ ಹಣ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ದೂರಸಂಪರ್ಕ ಕಂಪನಿಗಳ ಆದಾಯದ ಶೇ. 5ರಷ್ಟು, ಹಳ್ಳಿಗಳಿಗೆ ಸಂಪರ್ಕ ತಲುಪಿಸುವುದಕ್ಕೆಂದೇ ಕೇಂದ್ರದ ನಿಧಿಗೆ ಸೇರುತ್ತದೆ. ಹಿಂದೆ ಯುಎಸ್‌ಒ ಫಂಡ್ ಎನ್ನುತ್ತಿದ್ದ ಅದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಡಿಜಿಟಲ್ ಭಾರತ ನಿಧಿ ಎಂದು ಹೆಸರಿಡಲಾಗಿದೆ. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಟವರು ಹಾಕಲು 2022ರಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಟವರು ಹಾಕುವುದು ಹಳ್ಳಿಯ ಸೇವೆ ಎನ್ನುವುದಾದರೆ, ಬೇಕಾದ ದಿನ ಆ ಟವರು ನಡೆಯುವಂತೆ ನೋಡಿಕೊಳ್ಳುವುದೂ ಅದೇ ಸೇವೆಯ ಭಾಗ.

ಮೊದಲು ಕರೆಂಟನ್ನೇ ಸರಿಮಾಡಿ ಎನ್ನುವವರ ಮಾತು ಅರ್ಧ ಸರಿ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಇಪ್ಪತ್ತನಾಲ್ಕು ಗಂಟೆಯ ಪೂರೈಕೆಯ ಭರವಸೆ ಕೊಟ್ಟಿದೆ, ಅದನ್ನು ಕೇಳುತ್ತಲೇ ಇರಬೇಕು. ಆದರೆ ದಟ್ಟ ಕಾಡಿನಲ್ಲಿ ಹಾದುಹೋಗುವ ಲೈನು ಎಂದಾದರೂ ಬಿದ್ದೇ ಬೀಳುತ್ತದೆ. ಎಲ್ಲ ಲೈನುಗಳೂ ಹೊದಿಕೆಯ ತಂತಿಯಾಗುವ ತನಕ, ನೆಲದಡಿ ಹೋಗುವ ತನಕ ಎಷ್ಟು ಮಳೆಗಾಲ ಕಾಯಬೇಕು? ಉಪಗ್ರಹ ಇಂಟರ್‌ನೆಟ್ ಬರುತ್ತಿದೆ ಎಂಬ ಸಮಾಧಾನವೂ ಕೇಳಿಬರುತ್ತಿದೆ. 2025ರಲ್ಲಿ ಸ್ಟಾರ್‌ಲಿಂಕ್‌ಗೆ ಲೈಸೆನ್ಸ್ ಸಿಕ್ಕಿದ್ದು ನಿಜ. ಆದರೆ ಅದರ ತಟ್ಟೆಯಾಕಾರದ ಆಂಟೆನಾ ಫೈಬರ್ ಮೋಡೆಮಿಗಿಂತ ಹಲವು ಪಟ್ಟು ವಿದ್ಯುತ್ತು ತಿನ್ನುತ್ತದೆ. ಬ್ಯಾಟರಿಯ ಪ್ರಶ್ನೆ ಅಲ್ಲಿ ಇನ್ನೂ ದೊಡ್ಡದಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಮಳೆಗಾಲದ ಮಲೆನಾಡಿನಲ್ಲಿ ಸೌರಫಲಕ ಹೆಚ್ಚು ಕೊಡುವುದಿಲ್ಲ. ಜುಲೈನಲ್ಲಿ ಆಗುಂಬೆಯ ಸುತ್ತ ಸೂರ್ಯ ಕಾಣುವುದೇ ಅಪರೂಪ. ಆದರೆ ಅದೇ ಜುಲೈನಲ್ಲಿ ಮನೆಯ ಹಿಂದಿನ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಶೃಂಗೇರಿ, ಕೊಪ್ಪ, ಸಿದ್ದಾಪುರದ ಕಡೆ ಎಷ್ಟೋ ಮನೆಗಳವರು ಆ ನೀರನ್ನು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನು ತಿರುಗಿಸಿ ಮನೆಗೆ ಬೇಕಾದ ಕರೆಂಟು ಮಾಡಿಕೊಂಡಿದ್ದಾರೆ. ಗ್ರಿಡ್ಡು ಬೀಳುವ ದಿನಗಳಲ್ಲೇ ಹಳ್ಳ ಏರುತ್ತದೆ. ಮನೆಯೊಂದರ ದೀಪಗಳನ್ನು ಹೊರುವ ಈ ಟರ್ಬೈನು ಒಂದು ಓಎಲ್‌ಟಿಯನ್ನು, ಒಂದು ಸಣ್ಣ ಟವರನ್ನು ಹೊರಲಾರದೆ? ಕಿತ್ತೂರಿನ ಎಕ್ಸ್‌ಚೇಂಜನ್ನು ರೂಪಿಸಿದಂಥ ಎಂಜಿನಿಯರುಗಳು ಇಂದು ಈ ಕಡೆ ಬಂದರೆ ಮೊದಲು ನೋಡುವುದು ಈ ಹಳ್ಳಗಳನ್ನು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹೊಸ ಕಾನೂನು ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಮೆಸ್ಕಾಂ, ಹೆಸ್ಕಾಂನವರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಲೈನಿನ ಮೇಲಿನ ಟೊಂಗೆ ಕಡಿಸುತ್ತಾರೆ, ಜಿಲ್ಲಾಡಳಿತ ವಿಪತ್ತು ನಿರ್ವಹಣೆಯ ಸಭೆ ಕರೆಯುತ್ತದೆ. ಆ ಸಭೆಗೆ ದೂರಸಂಪರ್ಕ ಕಂಪನಿಗಳೂ ಪಟ್ಟಿ ಹಿಡಿದು ಬರಬೇಕು. ಯಾವ ಟವರು, ಯಾವ ಓಎಲ್‌ಟಿ, ಅದರ ಬ್ಯಾಟರಿ ಎಷ್ಟು ಹಳೆಯದು, ಲೋಡ್ ಹಾಕಿ ಪರೀಕ್ಷಿಸಿದಾಗ ಎಷ್ಟು ಗಂಟೆ ನಿಂತಿತು, ಡೀಸೆಲ್ ತುಂಬಿಸುವವರು ಯಾರು, ಘಾಟಿ ಕುಸಿದರೆ ಬದಲಿ ದಾರಿ ಯಾವುದು. ಹೋಬಳಿಗೆ ಒಂದು ಟವರನ್ನಾದರೂ ಮೂರು ದಿನ ಆರದಂತೆ ಸಜ್ಜುಗೊಳಿಸಬೇಕು. ಅದು ಯಾವ ಕಂಪನಿಯದಾದರೂ ಎಲ್ಲರ ಸಿಮ್ಮಿಗೂ ಸಿಗ್ನಲ್ ಕೊಡುವಂತೆ ರೋಮಿಂಗ್ ತೆರೆಯಬೇಕು. ಚಂಡಮಾರುತ ಬಂದಾಗ ಒಡಿಶಾದಲ್ಲಿ ಇದನ್ನು ಮಾಡಿದ್ದಾರೆ. ನಮ್ಮ ಜುಲೈಗೂ ಮಾಡಬಹುದು. ಪಂಚಾಯಿತಿ ಕಟ್ಟಡಕ್ಕೆ ಕೇಂದ್ರದ ಭಾರತ್‌ನೆಟ್ ಯೋಜನೆಯ ಫೈಬರು ಬಂದಿರುವಲ್ಲಿ ಅಲ್ಲಿ ಒಂದು ಬ್ಯಾಟರಿ, ಒಂದು ವೈಫೈ, ಮೊಬೈಲ್ ಚಾರ್ಜ್ ಮಾಡಲು ಒಂದಷ್ಟು ಪ್ಲಗ್ಗು ಇಟ್ಟರೆ ಊರಿನವರು ಅಲ್ಲಿಗೆ ನಡೆದು ಬಂದಾದರೂ ಒಂದು ಕರೆ ಮಾಡಿ ಹೋಗುತ್ತಾರೆ. ಕಂಪನಿಗಳು ತಂದ ಆ ಪಟ್ಟಿ ಸಭೆಯ ಕಡತದಲ್ಲೇ ಉಳಿಯದೆ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೂ ಬರಬೇಕು. ಆಗ ಟವರು ಎಂಟು ಗಂಟೆ ನಿಲ್ಲುತ್ತದೆ ಎಂದು ಬರೆದದ್ದು ಎರಡು ಗಂಟೆಗೆ ಆರಿದರೆ ಕೇಳುವುದಕ್ಕೆ ಊರಿನವರ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಹೊಸ ಸಂಪರ್ಕಕ್ಕೆ ಅರ್ಜಿ ಬರೆಯುವಾಗಲೂ ವೇಗ ಎಷ್ಟು, ಬೆಲೆ ಎಷ್ಟು ಎಂದು ಕೇಳುವ ಜೊತೆಗೆ ಓಎಲ್‌ಟಿ ಎಲ್ಲಿದೆ, ಅದರ ಬ್ಯಾಟರಿ ಎಷ್ಟು ಗಂಟೆಯದು ಎಂದು ಕೇಳಿ, ಉತ್ತರವನ್ನು ಅರ್ಜಿಯ ಮೇಲೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕು.